ಕಣಿಯವರೆಗಿನ ದಾರಿ

ಹೊಸ ವರ್ಷದ ಬಿಸು ಹಬ್ಬದ ಬೆಳಿಗ್ಗೆ ಮಕ್ಕಳು ಎದ್ದು, ಕಣ್ಣು ಮುಚ್ಚಿಕೊಂಡೇ ನಡೆದುಬಂದು, ಮೊದಲು ಕಣಿಯನ್ನೇ ನೋಡಬೇಕು. ಕನ್ನಡಿಯ ಮುಂದೆ ತೆಂಗಿನಕಾಯಿ, ಸೌತೆ, ಮಾವಿನಹಣ್ಣು ಜೋಡಿಸಿ ಕಣಿ ಇಟ್ಟಿದ್ದೆ. ಕೊಲ್ಲಿ ದೇಶದ ಅಲ್ ಕುಸೈಸಿನ ಈ ಫ್ಲ್ಯಾಟಿನಲ್ಲಿ ನಮ್ಮ ಪಾಲಿಗಿರುವುದು ಒಂದೇ ಕೋಣೆ; ಹಾಲ್ ಬೇರೆ ಸಂಸಾರದ್ದು. ಅಲ್ಲಿ ಓಡಿದರೆ ಅವರು ಬಯ್ಯುತ್ತಾರೆ, ಇಲ್ಲಿ ಓಡಿದರೆ ನಾನು.

ಕಣ್ಣು ಮುಚ್ಚಿಕೊಂಡಿದ್ದ ಲಿಖಿತ್, ತನುಷ್ ಇಬ್ಬರನ್ನೂ ಕೈಹಿಡಿದು ಮಂಚದಿಂದ ಇಳಿಸಿದೆ. ಇಳಿದರೆ ಎದುರಿಗೇ ಕಣಿ! ಇಷ್ಟಕ್ಕೇ ಮುಗಿದರೆ ಅದೆಂಥ ಹಬ್ಬ? ಸಿಟ್ಟು ಬಂದು, ಮಂಚಕ್ಕೂ ಕಪಾಟಿಗೂ ನಡುವಿನ ಸಂದಿಯಲ್ಲೇ ಅವರನ್ನು ಹಿಂದಕ್ಕೂ ಮುಂದಕ್ಕೂ ನಡೆಸಿದೆ.

"ಇನ್ನು ಕಣ್ಣು ಬಿಡಿ ಮಕ್ಳೇ," ಎಂದೆ.

ದೊಡ್ಡವನು ಲಿಖಿತ್ ಬಿಟ್ಟ. ತನುಷ್ ಬಿಡಲಿಲ್ಲ.

"ನೋ ಅಮ್ಮ, ಇನ್ನೂ ಸ್ವಲ್ಪ ನಡೆಸು. ಕಣ್ಣು ಮುಚ್ಚಿದ್ರೆ ನಮ್ಮ ಮನೆ ತುಂಬಾ ದೊಡ್ಡದುಂಟು."

ಲಿಖಿತನೂ ಮತ್ತೆ ಕಣ್ಣು ಮುಚ್ಚಿಕೊಂಡ.