ಸಾಹೇಬನ ಜೊತೆ ಕೋಸು

ಮೊಂಡಿಯ ಹೊಟ್ಟೆಯೂ ಮೊಂಡಿಯಂತೆಯೇ ಹಟ ಹಿಡಿದು ಬುಧವಾರಕ್ಕೆ ನಾಲ್ಕು ದಿನ. ಹಟಕ್ಕೇ ಆ ಹೆಸರು ಬಿದ್ದಿದ್ದ ಆರು ವರ್ಷದ ಮಗಳು ಕಕ್ಕಸಿನಲ್ಲಿ ಅರ್ಧ ಗಂಟೆ ಕೂತು, ಮುಖ ಕೆಂಪಗೆ ಮಾಡಿಕೊಂಡು, ಸೋತು ಹೊರಬರುತ್ತಿದ್ದಳು.

ಡಾಕ್ಟರಮ್ಮ ಹೊಟ್ಟೆ ಒತ್ತಿ ನೋಡಿ, "ನಾರಿನಂಶ ಇರೋ ತರಕಾರಿ ತಿನ್ಸಿ, ಚೆನ್ನಾಗಿ ನೀರು ಕುಡಿಸಿ. ಶನಿವಾರದೊಳಗೆ ಆಗ್ಲಿಲ್ಲ ಅಂದ್ರೆ ಎನಿಮಾ ಕೊಡೋಣ" ಎಂದಿದ್ದರು. ಹಿಂದಿನ ಸಲ ಎನಿಮಾ ಕೊಟ್ಟಾಗ ಮಗು ಅತ್ತ ಅಳು ಅಮ್ಮನ ಕಿವಿಯಲ್ಲಿ ಇನ್ನೂ ಇತ್ತು.

ಅಮ್ಮ ಅಂದೇ ಎಲೆಕೋಸು ತಂದು ಬೇಯಿಸಿದಳು. ಮೊಂಡಿ ಮೂಗು ಹಿಡಿದುಕೊಂಡಳು.

"ಥೂ, ಒದ್ದೆ ಕಾಲುಚೀಲದ ವಾಸ್ನೆ!"

"ಮಗು ಹೇಳೋದ್ರಲ್ಲಿ ಏನು ತಪ್ಪು?" ಅಜ್ಜಿ ಒಳಗಿನಿಂದಲೇ ಒಗ್ಗರಣೆ ಹಾಕಿದರು. "ಅಷ್ಟೊತ್ತು ಬೇಯ್ಸಿದ್ರೆ ಕೋಸಲ್ಲ, ಕೋಸಿನಪ್ಪ ಆದ್ರೂ ಗಬ್ಬು ಹೊಡೆಯುತ್ತೆ."

ಅಮ್ಮ ಪಾತ್ರೆಗೆ ಮುಚ್ಚಳ ಮುಚ್ಚಿದಳು. ಅತ್ತೆಯ ಮಾತು ನಿಜವಾಗಿತ್ತು.

ಗುರುವಾರ ಉಳಿದ ಕೋಸು ಹೆಚ್ಚುವಾಗ ಮೇಲಿನ ಎಲೆಗಳನ್ನು ಮೊಂಡಿಯ ಕೈಗೆ ಕೊಟ್ಟು ಪಕ್ಕದ ಮನೆಗೆ ಕಳಿಸಿದಳು. ಅಲ್ಲಿನ ದರ್ಜಿ ಮಾವ ಒಂದು ಬಿಳಿ ಮೊಲ ಸಾಕಿದ್ದರು. ಅದರ ಹೆಸರು ಸಾಹೇಬ. ಹೋದವಳು ಎಷ್ಟು ಹೊತ್ತಾದರೂ ಬರಲಿಲ್ಲವೆಂದು ಅಮ್ಮ ನೋಡಲು ಹೋದರೆ, ಮಗಳು ಗೂಡಿನ ಮುಂದೆ ಚಕ್ಕಳಮಕ್ಕಳ ಹಾಕಿ ಕೂತಿದ್ದಳು.

"ಅಮ್ಮಾ, ಸಾಹೇಬ ಮುಂದ್ಗಡೆ ತಿಂತಾನೆ, ಹಿಂದ್ಗಡೆ ಪಟಪಟ ಉದುರಿಸ್ತಾನೆ. ತಿಣುಕೋದೇ ಇಲ್ಲ!"

"ದಿನಾ ಕೋಸು ತಿಂತಾನಲ್ಲ, ತಿಣುಕೋಕೆ ಅವನಿಗೇನು ಗ್ರಹಚಾರ?" ಮಾವ ಹೊಲಿಗೆ ಯಂತ್ರದಿಂದ ತಲೆ ಎತ್ತದೆ ಹೇಳಿದರು.

'ನೀನೂ ತಿನ್ನು' ಎಂಬ ಮಾತು ಅಮ್ಮನ ನಾಲಿಗೆಯ ತುದಿಗೆ ಬಂತು. ನುಂಗಿಕೊಂಡಳು. ಹೇಳಿದರೆ ಕೆಟ್ಟಿತು. ಮನೆಗೆ ಹೋಗಿ, ಕೋಸಿನ ಒಳಗಿನ ಎಳೆ ಎಲೆಗಳನ್ನು ತೊಳೆದು, ತೆಳ್ಳಗೆ ಹೆಚ್ಚಿ, ಚಿಟಿಕೆ ಉಪ್ಪು ಉದುರಿಸಿ ಬಟ್ಟಲಲ್ಲಿ ತಂದು, ಮಗಳ ಪಕ್ಕದಲ್ಲೇ ಕೂತು ತಾನೇ ಕರುಕುರು ತಿನ್ನತೊಡಗಿದಳು. ಸಾಹೇಬನೂ ಕರುಕುರು. ಇವಳೂ ಕರುಕುರು.

ಮೊಂಡಿ ಆ ಕಡೆ ನೋಡಿದಳು, ಈ ಕಡೆ ನೋಡಿದಳು. "ನಂಗೆಲ್ಲಿ?"

ಬಟ್ಟಲು ಖಾಲಿಯಾಯಿತು. ಸಾಹೇಬ ನೀರು ಕುಡಿದಾಗ ಮೊಂಡಿಯೂ ಒಂದು ಲೋಟ ಕುಡಿದಳು. ಸಂಜೆ ಮತ್ತೆ, ಶುಕ್ರವಾರ ಎರಡು ಸಲ, ಯಾರ ಸದ್ದು ಜೋರು ಎಂದು ಇಬ್ಬರಿಗೂ ಪಂದ್ಯ.

ಶನಿವಾರ ಬೆಳಿಗ್ಗೆ ಅಮ್ಮ ಬಟ್ಟೆ ಒಗೆಯುತ್ತಿದ್ದಳು. ಆಸ್ಪತ್ರೆಗೆ ಹೊರಡಲು ಇನ್ನೊಂದು ಗಂಟೆ ಇತ್ತು. ಆಗ ಕಕ್ಕಸಿನಿಂದ ಮನೆ ಹಾರಿಹೋಗುವಂಥ ಕೂಗು.

"ಅಮ್ಮಾ! ಬಂತೂ!"

ಪಕ್ಕದ ಮನೆಯ ಹೊಲಿಗೆ ಯಂತ್ರ ಗಕ್ಕನೆ ನಿಂತಿತು. "ಏನಂತೆ?" ಮಾವ ಗೋಡೆಯಾಚೆಯಿಂದ ಕೇಳಿದರು.

"ಗೆದ್ವಪ್ಪಾ, ಗೆದ್ವಿ!" ಎಂದರು ಅಜ್ಜಿ.

ಎಲ್ಲರೂ ನೋಡುವವರೆಗೆ ನೀರು ಹಾಕಕೂಡದೆಂದು ಮೊಂಡಿ ಹಟ ಹಿಡಿದಳು. ಅಜ್ಜಿ ಕನ್ನಡಕ ಹಾಕಿಕೊಂಡೇ ಬಂದರು. ತೊಳೆಸಿಕೊಂಡದ್ದೇ ತಡ, ಮೊಂಡಿ ಅಮ್ಮನ ಸೋಪಿನ ಕೈಯಿಂದ ಜಾರಿ, ಚಡ್ಡಿಯನ್ನೂ ಮರೆತು ಗೂಡಿನ ಮುಂದೆ ಹೋಗಿ ನಿಂತು, ಸೊಂಟಕ್ಕೆ ಕೈಯಿಟ್ಟಳು.

"ಲೋ ಸಾಹೇಬ, ನಿಂದಕ್ಕಿಂತ ದೊಡ್ಡದು ಕಣೋ!"