ಹೆಜ್ಜೆ ಉಳಿದ ಅಂಗಳ

ನಮ್ಮ ಬೀದಿಯ ದರ್ಜಿ ಮಾವನ ಹಿತ್ತಲಲ್ಲಿ ಒಂದು ಬಾವಿ. ಮೊದಲು ಬೀದಿಯವರೆಲ್ಲ ನೀರಿಗೆ ಅಲ್ಲಿಗೇ ಬರುತ್ತಿದ್ದರು. ಹೊಲಿಗೆ ಯಂತ್ರದ ಸದ್ದಿನ ಜೊತೆ ಹರಟೆಯೂ ಸಾಗುತ್ತಿತ್ತು. ಬಾವಿ ಬತ್ತಿತು, ಟ್ಯಾಂಕರ್ ಬಂತು. ಆಮೇಲೆ ಆ ಕಡೆ ಯಾರೂ ತಲೆ ಹಾಕಲಿಲ್ಲ. ಹೆಂಡತಿ ತೀರಿಕೊಂಡ ಮೇಲಂತೂ ಮಾವನಿಗೆ ಮಾತಿಗೆ ಯಂತ್ರವೊಂದೇ ಗತಿ. ಆ ಒಂಟಿತನ ಅವರನ್ನು ಒಳಗೊಳಗೇ ತಿನ್ನುತ್ತಿತ್ತು.

ಒಂದು ಮಳೆಯ ದಿನ, ಗಿಡಗಳನ್ನು ಬೆಳೆಸಿ ಮಾರುವ ನರ್ಸರಿ ಅಕ್ಕ ಹರಿದ ಚೀಲ ಹೊಲಿಸಲು ಬಂದಳು. ಮಾಡಿನ ನೀರು ಸಿಮೆಂಟು ಅಂಗಳದ ಮೇಲೆ ಜಾರಿ ಚರಂಡಿ ಸೇರುತ್ತಿತ್ತು.

“ಮಾವ, ನಿಮ್ಮ ಬಾವಿ ನೀರು ಚರಂಡಿಗೆ ಹೋಗ್ತಿದೆ ನೋಡಿ.”

“ಅದು ಮಳೆ ನೀರು ಕಣಮ್ಮ. ಬಾವಿಗೂ ಅದಕ್ಕೂ ಏನು ಸಂಬಂಧ?”

“ಮಣ್ಣಿಗೆ ಇಳಿದ್ರೆ ತಾನೇ ಬಾವಿಗೆ ಬರೋದು? ಸಿಮೆಂಟು ಒಡೆದು, ಗೋಡೆಯಿಂದ ದೂರ ಒಂದು ತಗ್ಗು ತೋಡೋಣ. ಜಲ್ಲಿ, ಮರಳು, ಮಣ್ಣು ಹಾಕಿ ಹುಲ್ಲು, ಗಿಡ ನೆಡೋಣ. ನೀರು ಅಲ್ಲೇ ಇಂಗುತ್ತೆ.”

“ಸೊಳ್ಳೆ ಸಾಕೋಕಾ?”

“ಒಂದು ದಿನದೊಳಗೆ ಇಂಗಿದ್ರೆ ಸೊಳ್ಳೆಗೆ ಮರಿ ಮಾಡೋಕೆ ಪುರುಸೊತ್ತೆಲ್ಲಿ?”

ಮಾವ ನಗಲಿಲ್ಲ. ಸೂರಿನಡಿ ಸಿಮೆಂಟಿನಲ್ಲಿ ಮೂಡಿದ್ದ ಒಂದು ಹೆಜ್ಜೆ ತೋರಿಸಿದರು.

“ಹಸಿ ಇದ್ದಾಗ ನಿಮ್ಮತ್ತೆ ತುಳಿದುಬಿಟ್ಲು. ಇದನ್ನ ಹೇಗಮ್ಮ ಒಡೀಲಿ?”

ಅಕ್ಕ ಹೆಜ್ಜೆಯ ಪಕ್ಕ ಬಗ್ಗಿ ಕೂತಳು. “ಅದನ್ನ ಬಿಟ್ಟು ಒಡೆಯೋಣ ಮಾವ.”

ಮಾವ ಒಳಗಿಂದ ಸೀಮೆಸುಣ್ಣ ತಂದರು. ಬಟ್ಟೆಗೆ ಗುರುತು ಹಾಕುವ ಹಾಗೆಯೇ, ಹೊಲಿಗೆಗೆ ಜಾಗ ಬಿಟ್ಟು, ಹೆಜ್ಜೆಯ ಸುತ್ತ ಗೆರೆ ಎಳೆದರು.

ಸಿಮೆಂಟು ಒಡೆದು ತೋಡಿದ ತಗ್ಗಿನಲ್ಲಿ ಹುಲ್ಲು ಚಿಗುರಿತು, ಬಾವಿ ಮಾತ್ರ ಒಣಗಿಯೇ ಇತ್ತು. ಮಾವ ದಿನಾ ಇಣುಕಿ ಪೆಚ್ಚಾಗುತ್ತಿದ್ದರು. “ಒಂದು ಮನೆಯಿಂದ ಆಗಲ್ಲ” ಎಂದು ಅಕ್ಕ ಮನೆಮನೆ ಸುತ್ತಿದಳು. ಮಾವನೂ ಜೊತೆಗೆ ಹೋದರು. ಎಷ್ಟೋ ಕಾಲದ ಮೇಲೆ ಅವರು ಬೇರೆಯವರ ಮನೆ ಬಾಗಿಲು ತಟ್ಟಿದ್ದು ಆಗಲೇ. ಒಬ್ಬೊಬ್ಬರಾಗಿ ಬೀದಿಯವರೆಲ್ಲ ಅಂಗಳದ ಒಂದೊಂದು ಮೂಲೆಯನ್ನು ಮಣ್ಣಿಗೆ ಬಿಟ್ಟರು.

ಮರುವರ್ಷದ ಮಳೆಗೆ ಬಾವಿಯ ತಳದಲ್ಲಿ ನೀರು ಮಿನುಗಿತು. ಒಂದು ಬೆಳಿಗ್ಗೆ ಹಿತ್ತಲಿಂದ ಯಾರೋ ಕೂಗಿದರು: “ಮಾವ, ಹಗ್ಗ ಎಲ್ಲಿಟ್ಟಿದ್ದೀರಿ?”

ಯಂತ್ರ ನಿಂತಿತು. ಮಾವ ಎದ್ದು ಹಿತ್ತಲ ಬಾಗಿಲಿಗೆ ಬಂದರು.

“ಕೊಡ್ತೀನಿ ತಾಳಮ್ಮ. ಆ ಹೆಜ್ಜೆ ಮಾತ್ರ ತುಳೀಬೇಡ. ನಿಮ್ಮತ್ತೆ ನಿಂತಿದ್ದಾಳೆ ಅಲ್ಲಿ.”

ಇದನ್ನು ಓದುತ್ತಿರುವ ನೀವೂ ಮಳೆಗೆ ಮುಂಚೆ ಅಂಗಳದ ಒಂದು ಮೂಲೆಯ ಸಿಮೆಂಟು ತೆಗೆಯಿರಿ. ಶೌಚದ ಗುಂಡಿಯಿಂದ ದೂರ ತಗ್ಗು ಮಾಡಿ ಗಿಡ ನೆಡಿ. ನೆರೆಯವರಿಗೂ ಹೇಳಿ. ಬೀದಿಯಲ್ಲಿ ಒಂಟಿಯಾಗಿರುವವರು ಯಾರಾದರೂ ಇದ್ದರೆ, ಮೊದಲು ಅವರ ಬಾಗಿಲು ತಟ್ಟಿ.