ಚುಕ್ಕೆಯ ವಯಸ್ಸು

ಆ ಮಧ್ಯಾಹ್ನ ನನ್ನ ಪರದೆಯ ಮೇಲೆ ಒಂದು ಖಾಲಿ ಚೌಕ ಉಳಿದಿತ್ತು. ಬಸ್ಸೊಂದರಿಂದ ಎಷ್ಟು ಹೊತ್ತು ಸುದ್ದಿ ಬರದಿದ್ದರೆ ಅಲಾರಂ ಹೊಡೆಯಬೇಕು? ಅಲ್ಲಿ ಒಂದು ಅಂಕಿ ತುಂಬಿದರೆ ನನ್ನ ವಾರದ ಕೆಲಸ ಮುಗಿಯುತ್ತಿತ್ತು.

ನಮ್ಮ ಆಫೀಸಿನದು ಶಾಲಾ ಬಸ್ಸುಗಳು ಎಲ್ಲಿವೆ ಎಂದು ತಂದೆತಾಯಿಗೆ ಫೋನಿನಲ್ಲಿ ತೋರಿಸುವ ಕೆಲಸ. ಪ್ರತಿ ಬಸ್ಸಿನಲ್ಲೂ ಸ್ಟೇರಿಂಗ್ ಪಕ್ಕ ಅಂಗೈಯಗಲದ ಪೆಟ್ಟಿಗೆಯೊಂದಿದೆ. ಅದು ಕೆಲವು ಸೆಕೆಂಡಿಗೊಮ್ಮೆ 'ಇಲ್ಲಿದ್ದೇನೆ' ಎಂದು ನಮ್ಮ ಸರ್ವರಿಗೆ ತಿಳಿಸುತ್ತದೆ. ಸರ್ವರಿನಲ್ಲಿರುವ ಜಾವಾ ಅಪ್ಲಿಕೇಶನ್ ಅದನ್ನು ನಕ್ಷೆಯ ಮೇಲೆ ಕೆಂಪು ಚುಕ್ಕೆಯಾಗಿಸುತ್ತದೆ. ಬಸ್ಸುಗಳನ್ನು ನೋಡುವುದು ಎಲ್ಲರ ಕೆಲಸ. ಆ ಅಪ್ಲಿಕೇಶನ್ನನ್ನು ನೋಡುವುದು ನನ್ನ ಕೆಲಸ. ಅದು ಶುರುವಾಗುವಾಗಲೇ ಬೆನ್ನಿಗೆ ಅಂಟಿಕೊಳ್ಳುವ ಹಾಗೆ ಏಜೆಂಟ್ ಎಂಬ ಪುಟ್ಟ ಪ್ರೋಗ್ರಾಮೊಂದನ್ನು ಕೂರಿಸಿದ್ದೆ. ಮೆಮೊರಿ ಎಷ್ಟು ತುಂಬಿತು, ಅದರ ಕಸ ಗುಡಿಸಲು ಅಪ್ಲಿಕೇಶನ್ ಎಷ್ಟು ಹೊತ್ತು ನಿಂತಿತು, ಕೇಳಿದ್ದಕ್ಕೆ ಎಷ್ಟು ಬೇಗ ಉತ್ತರ ಕೊಟ್ಟಿತು, ಎಲ್ಲವನ್ನೂ ಏಜೆಂಟ್ ಅಳೆದು ಕಳಿಸುತ್ತಿತ್ತು. ನನ್ನ ಗ್ರಾಫುಗಳೆಲ್ಲ ಹಸಿರಾಗಿದ್ದವು.

ಹಸಿರು ಕಂಡರೆ ನನಗೆ ಸಮಾಧಾನವಾಗುವುದಿಲ್ಲ. ಮಗು ಒಳಕೋಣೆಯಲ್ಲಿ ಸದ್ದಿಲ್ಲದೆ ಆಡುತ್ತಿದೆ ಎಂದರೆ ಏನನ್ನೋ ಚೆಲ್ಲಿದೆ ಎಂದೇ ಲೆಕ್ಕ.

"ಏನು, ಗಾಬರಿ ಮೇಡಂ, ಇವತ್ತು ಯಾವ ಹಗ್ಗ ಹಾವಾಯ್ತು?" ಎಂದ ನಕ್ಷೆಯವನು. ಚುಕ್ಕೆಗಳನ್ನು ನಕ್ಷೆಯ ಮೇಲೆ ಓಡಿಸುವ ಪ್ರೋಗ್ರಾಂ ಬರೆದವನು ಅವನು; ನನ್ನ ಪಕ್ಕದ ಮೇಜು.

"ಒಂದು ಬಸ್ಸು ಎಷ್ಟು ಹೊತ್ತು ಸುಮ್ಮನಿದ್ರೆ ಚಿಂತೆ ಮಾಡ್ಬೇಕು? ಒಂದು ಅಂಕಿ ಹೇಳಿ."

"ಚಿಂತೆನೇ ಬೇಡ. ಚುಕ್ಕೆ ನಿಲ್ಲಲ್ಲ."

"ನಿಲ್ಲಲ್ಲ ಅಂದ್ರೆ?"

"ಮೇಲ್ಸೇತುವೆ ಕೆಳಗೆ ಹೋದ್ರೆ ಸಿಗ್ನಲ್ ಇರಲ್ಲ. ಚುಕ್ಕೆ ನಿಂತ ತಕ್ಷಣ ಅಮ್ಮಂದಿರೆಲ್ಲ ಫೋನ್ ಹಚ್ಚಿ ನಮ್ಮ ಫೋನಕ್ಕನ ಪ್ರಾಣ ತಿಂತಿದ್ರು. ಅದಕ್ಕೇ, ಸುದ್ದಿ ಬರದಿದ್ರೆ ದಿನಾ ಆ ಹೊತ್ತಿಗೆ ಬಸ್ಸು ಎಲ್ಲಿರ್ತಿತ್ತೋ ಆ ಅಂದಾಜಿನ ಮೇಲೆ ಚುಕ್ಕೆ ನಡೆಯೋ ಹಾಗೆ ಮಾಡಿದ್ದೀನಿ. ಹೋದ ತಿಂಗಳಿಂದ ಫೋನೇ ಇಲ್ಲ. ಕೇಳಿ ಬೇಕಾದ್ರೆ."

ತಂದೆತಾಯಿಯರ ಕರೆಗಳನ್ನು ತೆಗೆದುಕೊಳ್ಳುವ ಫೋನಕ್ಕ ಬಿಸ್ಕತ್ತು ಅದ್ದುತ್ತಿದ್ದ ಟೀ ಲೋಟವನ್ನು ಎತ್ತಿ ತೋರಿಸಿದಳು. "ಅವನ ಹೊಟ್ಟೆ ತಣ್ಣಗಿರಲಿ. ಈಗ ಬಿಸಿ ಟೀ ಕುಡೀತೀನಿ ಕಣೇ."

ನನಗೆ ನಗು ಬರಲಿಲ್ಲ. "ಎಷ್ಟು ಹೊತ್ತು ಹೀಗೆ ಅಂದಾಜಿನ ಮೇಲೆ ನಡೆಯುತ್ತೆ?"

ಅವನು ತಲೆ ಕೆರೆದುಕೊಂಡ. "ಅದಕ್ಕೊಂದು ಮಿತಿ ಹಾಕ್ಬೇಕು ಅಂತಿದ್ದೆ. ಮರೆತೇ ಹೋಯ್ತು."

ಅಂದರೆ ಸುದ್ದಿ ನಿಂತರೂ ಚುಕ್ಕೆ ನಡೆಯುತ್ತದೆ, ಸಂಜೆಯವರೆಗೂ ನಡೆಯುತ್ತದೆ. ಕೇಳಿದವರಿಗೆ ಅಪ್ಲಿಕೇಶನ್ ಕ್ಷಣದಲ್ಲಿ ಉತ್ತರ ಕೊಡುತ್ತದೆ. ನನ್ನ ಏಜೆಂಟ್ ಆ ವೇಗವನ್ನು ಅಳೆದು ಹಸಿರು ತೋರಿಸುತ್ತದೆ. ಉತ್ತರ ನಿಜವೋ ಸುಳ್ಳೋ ಎಂದು ಕೇಳಲು ಅದಕ್ಕೆ ನಾನು ಹೇಳಿಯೇ ಇರಲಿಲ್ಲ.

ಏಜೆಂಟ್ ಏನೇನು ಅಳೆಯಬೇಕೆಂದು ಬರೆದಿಟ್ಟ ಕಾನ್ಫಿಗರೇಶನ್ ಫೈಲು ತೆರೆದೆ. ಪ್ರತಿ ಬಸ್ಸಿನ ಕೊನೆಯ ನಿಜವಾದ ಸುದ್ದಿ ಬಂದು ಎಷ್ಟು ಹೊತ್ತಾಯಿತು ಎಂಬುದನ್ನೂ ಅಳೆ ಎಂದು ಕೆಲವು ಸಾಲು ಸೇರಿಸಿದೆ. ಅದಕ್ಕೆ 'ಚುಕ್ಕೆಯ ವಯಸ್ಸು' ಎಂದು ಹೆಸರಿಟ್ಟೆ. ಹೊಸ ಗ್ರಾಫ್ ಮೂಡಿತು. ಅದೂ ಹಸಿರೇ.

"ನೋಡಿದ್ರಾ?" ಎಂದ ನಕ್ಷೆಯವನು. "ಎಲ್ಲಾ ಎಳೇ ಚುಕ್ಕೆಗಳು."

ಆದರೆ ಗ್ರಾಫಿನ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ 'ಸರಾಸರಿ' ಎಂದಿತ್ತು. ಎಲ್ಲ ಬಸ್ಸುಗಳ ವಯಸ್ಸು ಕೂಡಿಸಿ ಭಾಗಿಸಿದ ಅಂಕಿ. ನಮ್ಮ ಮನೆಯವರ ಸರಾಸರಿ ವಯಸ್ಸು ತೆಗೆದರೆ ಮನೆಯಲ್ಲಿ ಅತ್ತೆಯೂ ಇಲ್ಲ, ನನ್ನ ಮಗಳು ಗುಬ್ಬಿಯೂ ಇಲ್ಲ; ನಡುವಯಸ್ಸಿನವರಷ್ಟೇ ಇದ್ದಾರೆ. ಆ ಪದವನ್ನು ಒತ್ತಿ 'ಗರಿಷ್ಠ' ಎಂದು ಬದಲಾಯಿಸಿ, ಬಸ್ಸಿಗೊಂದು ಗೆರೆ ಬಿಡಿಸಿದೆ.

ಉಳಿದ ಗೆರೆಗಳು ಗರಗಸದ ಹಲ್ಲಿನಂತೆ ಸ್ವಲ್ಪ ಏರಿ, ಸುದ್ದಿ ಬಂದೊಡನೆ ಸೊನ್ನೆಗೆ ಬೀಳುತ್ತಿದ್ದವು. ಒಂದು ಮಾತ್ರ ಗೋಡೆಗೆ ಒರಗಿಸಿದ ಏಣಿಯಂತೆ ಓರೆಯಾಗಿ ಮೇಲೇರುತ್ತಿತ್ತು, ಎಲ್ಲೂ ಕುಸಿಯದೆ. ಉಸಿರಾಡುವ ಯಾವುದರ ಗ್ರಾಫೂ ಅಷ್ಟು ನೇರವಾಗಿರುವುದಿಲ್ಲ.

ಹನ್ನೊಂದನೇ ಬಸ್ಸು. ಗುಬ್ಬಿ ಬರುವ ಬಸ್ಸು.

ನಕ್ಷೆ ತೆರೆದು ನೋಡಿದೆ. ಹನ್ನೊಂದರ ಚುಕ್ಕೆ ಆರಾಮವಾಗಿ ಪೇಟೆ ರಸ್ತೆಯಲ್ಲಿ ಬರುತ್ತಿತ್ತು, ಸಿಗ್ನಲ್ಲಿನಲ್ಲಿ ನಿಂತು ಮತ್ತೆ ಹೊರಟಿತು. ಕೊನೆಯ ನಿಜವಾದ ಸುದ್ದಿ ಬಂದದ್ದು ಕಾಲುವೆ ರಸ್ತೆಯಿಂದ. ಒಂದು ಬದಿ ನೀರು, ಇನ್ನೊಂದು ಬದಿ ಮುಚ್ಚಿಹೋದ ಕಾರ್ಖಾನೆಯ ಗೋಡೆ. ಮಧ್ಯಾಹ್ನ ಅಲ್ಲಿ ನರಪಿಳ್ಳೆಯೂ ಓಡಾಡುವುದಿಲ್ಲ. ಆ ಸುದ್ದಿ ಬಂದು ಒಂದು ಪಾಠದ ಅವಧಿಯಷ್ಟು ಹೊತ್ತಾಗಿತ್ತು.

"ಪೆಟ್ಟಿಗೆ ಕೆಟ್ಟಿರುತ್ತೆ ಮೇಡಂ," ಎಂದ ನಕ್ಷೆಯವನು. ಈ ಸಲ ದನಿಯಲ್ಲಿ ತಮಾಷೆ ಇರಲಿಲ್ಲ.

ಫೋನಕ್ಕ ಆಗಲೇ ಹನ್ನೊಂದರ ಡ್ರೈವರನ ನಂಬರು ಒತ್ತಿದ್ದಳು. ರಿಂಗಾಯಿತು, ತೆಗೆಯಲಿಲ್ಲ. ಬಸ್ಸಿನಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಹೆಂಗಸಿನ ಫೋನೂ ರಿಂಗಾಯಿತು, ತೆಗೆಯಲಿಲ್ಲ. ಮತ್ತೆ ಒತ್ತಿದಾಗ ಎರಡೂ ಸ್ವಿಚ್ ಆಫ್. ಒಂದು ಫೋನಾಗಿದ್ದರೆ ಸಹಿಸಿಕೊಳ್ಳುತ್ತಿದ್ದೆನೇನೋ. ಎರಡೂ ಒಟ್ಟಿಗೆ ಆರಿದ್ದು ಕೇಳಿ ಕುರ್ಚಿ ತಳ್ಳಿ ಎದ್ದೆ.

ಕಂಪನಿ ನಡೆಸುವ ಸಾಹೇಬರ ಗಾಜಿನ ಕೋಣೆಗೆ ಬಾಗಿಲು ತಟ್ಟದೆ ನುಗ್ಗಿದೆ. ಅವರು ಹೊಸ ಶಾಲೆಯೊಂದರವರ ಜೊತೆ ಫೋನಿನಲ್ಲಿದ್ದರು. ನನ್ನ ಮುಖ ನೋಡಿ ಫೋನಿನ ಮೇಲೆ ಕೈ ಮುಚ್ಚಿದರು. ಹೇಳಿದೆ.

"ಚುಕ್ಕೆ ಬರ್ತಾ ಇದೆಯಲ್ಲಮ್ಮಾ."

"ಅದು ಚುಕ್ಕೆ ಮಾತ್ರ ಸರ್. ಬಸ್ಸಲ್ಲ."

"ಸ್ವಲ್ಪ ತಾಳಿ. ನಿಮ್ಮ ಮಗು ಆ ಬಸ್ಸಲ್ಲಿದೆ, ಅದಕ್ಕೆ ಹಾಗನ್ಸುತ್ತೆ. ಈಗ ಪೊಲೀಸು ಅದೂ ಇದೂ ಅಂತ ಎಬ್ಬಿಸಿ, ಆಮೇಲೆ ಬಸ್ಸು ಠೀವಿಯಿಂದ ಬಂದ್ರೆ? ಅಷ್ಟೂ ಶಾಲೆಗಳು ನಮ್ಮ ಮುಖಕ್ಕೆ ಉಗಿಯುತ್ವೆ. ನಿಮ್ಮ ಮನೆ ಸ್ಟಾಪೇ ಮೊದಲನೆಯದು ತಾನೆ? ಬರುತ್ತೆ, ನೋಡಿ. ನೀವೇ ನಗ್ತೀರಿ."

ಆಗಲೇ ನನ್ನ ಫೋನ್ ಬಡಿದುಕೊಂಡಿತು. ಅತ್ತೆ. ದಿನವೂ ಬೀದಿಯ ತುದಿಯಲ್ಲಿ ಕೊಡೆ ಹಿಡಿದು, ಫೋನಿನಲ್ಲಿ ಚುಕ್ಕೆ ನೋಡುತ್ತಾ ಗುಬ್ಬಿಗಾಗಿ ಕಾಯುವುದು ಅವರೇ.

"ಇವತ್ತು ಒಂದು ನಿಮಿಷ ಮುಂಚೆನೇ ಬರ್ತಿದೆ ಕಣೇ ನಿನ್ನ ಬಸ್ಸು," ಎಂದರು ಖುಷಿಯಾಗಿ. "ಔಷಧಿ ಅಂಗಡಿ ದಾಟಿತು. ಬರುವಾಗ ಪೆನ್ಸಿಲ್ ತರ್ಬೇಕಂತೆ, ಬೆಳಿಗ್ಗೆನೇ ಹೇಳಿದ್ಳು, ನಿನಗೆ ಹೇಳೋಕೆ ಮರೆತೆ."

"ಅತ್ತೆ, ನೀವು... ಬಸ್ಸು ಕಣ್ಣಿಗೆ ಕಾಣ್ತಿದೆಯಾ?"

"ತಿರುವಿನ ಹತ್ರ ಇದೆಯಲ್ಲ. ಈಗ ತಿರುಗುತ್ತೆ. ಹಾ, ತಿರುಗಿತು. ಬಂತು..."

ಸಾಹೇಬರ ಮೇಜಿನ ಪರದೆಯಲ್ಲೂ ಚುಕ್ಕೆ ನಮ್ಮ ಬೀದಿಗೆ ತಿರುಗಿತು. ಸ್ಪೀಕರ್ ಹಾಕಿದೆ. ಸಾಹೇಬರೂ ಬಗ್ಗಿ ನೋಡಿದರು.

"ಎಲ್ಲೇ?" ಎಂದರು ಅತ್ತೆ. "ಇಲ್ಲಿ ಬಂದು ನಿಂತಿದೆ ಅಂತ ತೋರಿಸ್ತಿದೆ. ನನ್ನ ಮುಂದೆನೇ ಇದೆಯಂತೆ. ಬೀದಿ ಖಾಲಿ ಇದೆಯಲ್ಲೇ! ಬಸ್ಸೇ ಇಲ್ವಲ್ಲೇ, ತಾಯಿ!"

ಅದೇ ಕ್ಷಣ ನನ್ನ ಫೋನಿಗೆ ಮೆಸೇಜ್ ಬಂತು, ದಿನವೂ ಬರುವಂಥದ್ದೇ: 'ನಿಮ್ಮ ಮಗುವಿನ ಬಸ್ಸು ನಿಲ್ದಾಣ ತಲುಪಿದೆ. ಶುಭ ಸಂಜೆ.'

ಸಾಹೇಬರು ಹೊಸ ಶಾಲೆಯವರ ಕರೆ ಕತ್ತರಿಸಿದರು. ನಾನು ಅತ್ತೆಗೆ ಏನು ಹೇಳಿ ಫೋನಿಟ್ಟೆನೋ ನೆನಪಿಲ್ಲ. ಹೊರಗೆ ಓಡಿಬಂದು, ಕಾಲುವೆ ರಸ್ತೆಗೆ ಹತ್ತಿರ ಯಾವ ಬಸ್ಸಿದೆ ಎಂದು ಕೂಗಿದೆ.

"ಒಂಬತ್ತು," ಎಂದ ನಕ್ಷೆಯವನು. "ಮಕ್ಕಳನ್ನೆಲ್ಲ ಇಳಿಸಿ ಶೆಡ್ಡಿಗೆ ಹೋಗ್ತಿದೆ."

"ಅದು ನಿಜವಾದ ಚುಕ್ಕೆನಾ?"

ತಾನೇ ಬರೆದ ನಕ್ಷೆಯನ್ನು ಬಿಟ್ಟು ಅವನು ನನ್ನ ಪರದೆಯತ್ತ ತಿರುಗಿದ. ನನ್ನ ಹೊಸ ಗ್ರಾಫ್ ನೋಡಿದೆ. ಒಂಬತ್ತರ ವಯಸ್ಸು ಎರಡು ಸೆಕೆಂಡು. ನಿಜ.

ಫೋನಕ್ಕ ಆ ಡ್ರೈವರನನ್ನು ಹಿಡಿದಳು. ಪುಣ್ಯಕ್ಕೆ ಅವನು ಟೀ ಕುಡಿಯಲು ನಿಂತಿದ್ದ. "ಲೋಟ ಅಲ್ಲೇ ಇಡಪ್ಪಾ, ಕಾಲುವೆ ರಸ್ತೆಗೆ ತಿರುಗಿಸು. ಹನ್ನೊಂದು ಕಾಣ್ತಿಲ್ಲ. ಫೋನ್ ಇಡ್ಬೇಡ." ಸಾಹೇಬರು ಈಗ ತಾವಾಗಿಯೇ ಪೊಲೀಸರ ಜೊತೆ ಮಾತಾಡುತ್ತಿದ್ದರು.

ಇತ್ತ ಹನ್ನೊಂದರ ಚುಕ್ಕೆ ನಮ್ಮ ಬೀದಿಯಲ್ಲಿ ಮಗುವನ್ನು ಇಳಿಸುವಷ್ಟು ಹೊತ್ತು ನಿಂತು, ಮುಂದಿನ ಸ್ಟಾಪಿಗೆ ಹೊರಟಿತು. ಅಲ್ಲಿಗೂ ಮೆಸೇಜ್ ಹೋಗುತ್ತದೆ. ಅದರ ಮುಂದಿನದಕ್ಕೂ. ಯಾರೋ ಅಮ್ಮ ಅದನ್ನು ಓದಿ, ಮಗಳು ಅಜ್ಜಿಯ ಹತ್ತಿರ ಸೇರಿದಳು ಎಂದು ನೆಮ್ಮದಿಯಿಂದ ಮತ್ತೆ ಕೆಲಸಕ್ಕೆ ಕೂರುತ್ತಾಳೆ.

"ನಿಲ್ಲಿಸಿ ಅದನ್ನ," ಎಂದೆ.

"ಅಂದಾಜು ತೆಗೆದ್ರೆ ಅಪ್ಲಿಕೇಶನ್ ರೀಸ್ಟಾರ್ಟ್ ಮಾಡ್ಬೇಕು. ಎಲ್ಲಾ ಚುಕ್ಕೆಗಳೂ ಸ್ವಲ್ಪ ಹೊತ್ತು ಮಾಯವಾಗ್ತವೆ. ಒಂಬತ್ತೂ."

ಒಂಬತ್ತು ಮಾಯವಾದರೆ ನನ್ನ ಕಣ್ಣು ಹೋದಂತೆ. ಒಂದು ಗಳಿಗೆ ನಾನು ಬೇರೆಯವರ ಮಕ್ಕಳನ್ನೆಲ್ಲ ಮರೆತೆ. ಅವನು ಕೀಲಿಗಳ ಮೇಲೆ ಬೆರಳಿಟ್ಟು ನನ್ನನ್ನೇ ನೋಡುತ್ತಿದ್ದ.

"ಮಾಡಿ," ಎಂದೆ.

ನಕ್ಷೆ ಬೋಳಾಯಿತು. ಗ್ರಾಫುಗಳೆಲ್ಲ ಕಡಿದುಹೋದವು. ಫೋನಕ್ಕನ ಮೇಜಿನ ಅಷ್ಟೂ ಫೋನುಗಳು ಒಟ್ಟಿಗೆ ಅರಚಿಕೊಂಡವು. ಅವಳು ಒಂದನ್ನೂ ಮುಟ್ಟಲಿಲ್ಲ. ಒಂಬತ್ತರ ಡ್ರೈವರ್ ಲೈನಿನಲ್ಲಿದ್ದ ಫೋನನ್ನು ಮಾತ್ರ ಮೇಜಿನ ನಡುವೆ ಇಟ್ಟು ಅದರ ಮೇಲೆ ಬಾಗಿದ್ದಳು. ಇಂಜಿನ್ ಸದ್ದು ಕೇಳುತ್ತಿತ್ತು. ಆಮೇಲೆ ಅವನ ದನಿ.

"ಅಕ್ಕಾ, ಹೊಗೆ ಕಾಣ್ತಿದೆ."

ಬ್ರೇಕ್ ಕಿರುಗುಟ್ಟಿತು. ಬಾಗಿಲು ತೆರೆದ ಸದ್ದು. ಓಡುವ ಹೆಜ್ಜೆ ದೂರವಾಯಿತು. ಫೋನನ್ನು ಸೀಟಿನ ಮೇಲೆಯೇ ಬಿಟ್ಟು ಹೋಗಿದ್ದ. ಇಂಜಿನ್ ಒಂದೇ ಸಮನೆ ಗುರುಗುಡುತ್ತಿತ್ತು. ಫೋನಕ್ಕ ನನ್ನ ಮುಂಗೈ ಹಿಡಿದಳು. ಅವಳ ಬಳೆ ಚರ್ಮಕ್ಕೆ ಒತ್ತಿ ಗುರುತಾದದ್ದು ನನಗೆ ತಿಳಿದದ್ದು ಮರುದಿನ. ಚುಕ್ಕೆಗಳು ಒಂದೊಂದಾಗಿ ನಕ್ಷೆಗೆ ಮರಳುತ್ತಿದ್ದವು. ಹನ್ನೊಂದು ಮರಳಲಿಲ್ಲ. ಮೊದಲ ಸಲ ಆ ನಕ್ಷೆ ನಿಜ ಹೇಳುತ್ತಿತ್ತು, ನನಗದು ಬೇಡವಾಗಿತ್ತು.

ಕೊನೆಗೆ ಏದುಸಿರು. ಫೋನು ಕೈ ಬದಲಾಯಿಸಿದ ಗರಗರ. ಆಮೇಲೆ ತೀರ ಸಣ್ಣ ದನಿ.

"ಅಮ್ಮಾ?"

ನಾನು ಫೋನನ್ನು ಎರಡೂ ಕೈಯಲ್ಲಿ ಎತ್ತಿಕೊಂಡೆ.

"ಅಮ್ಮಾ, ನನ್ನ ಬ್ಯಾಗ್ ಸುಟ್ಟು ಹೋಯ್ತು. ನಾನೇನೂ ಮಾಡಿಲ್ಲ. ಬೈಬೇಡ."

ಡ್ರೈವರನಿಗೆ ಸ್ಟೇರಿಂಗ್ ಕೆಳಗಿಂದ ವೈರು ಕರಕಲಾದ ವಾಸನೆ ಬಂದಿತ್ತಂತೆ. ಬಸ್ಸು ನಿಲ್ಲಿಸಿ, ಬ್ಯಾಟರಿಯ ತಂತಿ ಕಿತ್ತ; ಅವನೂ ಆ ಹೆಂಗಸೂ ಸೇರಿ ಮಕ್ಕಳನ್ನೆಲ್ಲ ಇಳಿಸಿದ್ದಾರೆ. ತಂತಿ ಕಿತ್ತಾಗಲೇ ನಮ್ಮ ಪೆಟ್ಟಿಗೆಯೂ ಮೂಕಾಯಿತು. ಇಬ್ಬರ ಫೋನೂ ಒಳಗೇ ಉಳಿದವು; ಒಳಗೊಳಗೇ ಹೊಗೆಯಾಡುತ್ತಿದ್ದ ಬೆಂಕಿ ಹತ್ತಿಕೊಂಡು ಅವುಗಳನ್ನು ಮುಟ್ಟಿದ್ದು ನಾವು ಕರೆ ಮಾಡುತ್ತಿದ್ದ ಹೊತ್ತಿಗೆ. ತರಲು ಒಳಗೆ ಹೋದವನು ಎರಡೂ ಅಂಗೈ ಸುಟ್ಟುಕೊಂಡು ಬರಿಗೈಯಲ್ಲಿ ಹಿಂದೆ ಬಂದ. ಆಮೇಲೆ ಕಾಲುವೆಗೆ ಯಾರೂ ಇಳಿಯದಂತೆ ಆ ಹೆಂಗಸು ಮಕ್ಕಳನ್ನು ಕಾರ್ಖಾನೆಯ ಗೋಡೆಗೆ ಒತ್ತಿ ಸಾಲಾಗಿ ಕೂರಿಸಿ, ಯಾರಾದರೂ ಬರಲಿ ಎಂದು ರಸ್ತೆ ನೋಡುತ್ತಾ ನಿಂತಿದ್ದಳು. ಅಷ್ಟೂ ಹೊತ್ತು ನಮ್ಮ ಚುಕ್ಕೆ ಊರೆಲ್ಲ ಸುತ್ತುತ್ತಾ, ಶುಭ ಸಂಜೆ ಹೇಳುತ್ತಿತ್ತು.

ಬಸ್ಸಿನ ಅಸ್ಥಿಪಂಜರವನ್ನು ನಾನು ನೋಡಿದೆ, ಗುಬ್ಬಿಯನ್ನು ಕರೆತರಲು ಹೋದಾಗ. ಅದರ ಬಗ್ಗೆ ಬರೆಯಲಾರೆ.

ಆ ಖಾಲಿ ಚೌಕದಲ್ಲಿ ನಾನು ಹತ್ತು ಸೆಕೆಂಡು ಎಂದು ತುಂಬಿದ್ದೇನೆ. ಸಾಹೇಬರು ಬೇಡವೆನ್ನಲಿಲ್ಲ. ಮೇಲ್ಸೇತುವೆಯ ಕೆಳಗೆ ಒಂದೊಂದು ಬಸ್ಸು ಹೋದಾಗಲೂ ಅಲಾರಂ ಹೊಡೆದುಕೊಳ್ಳುತ್ತದೆ. "ನಿನ್ನ ಮಗಳಿಗಿಂತ ಜಾಸ್ತಿ ಅಳುತ್ತಲ್ಲೇ ಇದು," ಎಂದು ಫೋನಕ್ಕ ಗೊಣಗುತ್ತಾಳೆ. ಅವಳ ಟೀ ಮತ್ತೆ ತಣ್ಣಗಾಗುತ್ತಿದೆ. ನಕ್ಷೆಯವನು ನನ್ನನ್ನು 'ಗಾಬರಿ ಮೇಡಂ' ಎನ್ನುವುದನ್ನು ಬಿಟ್ಟಿದ್ದಾನೆ. ಅವನು ಬಿಟ್ಟದ್ದೇ ನನಗೆ ಹೆಚ್ಚು ಭಯ ತರುತ್ತದೆ.

ಗುಬ್ಬಿ ಈಗ ಹೊಸ ಬ್ಯಾಗು ಹೊತ್ತು ಬೇರೊಂದು ಬಸ್ಸಿನಲ್ಲಿ ಬರುತ್ತಾಳೆ. ಆ ಹೊತ್ತಿಗೆ ನಾನು ನಕ್ಷೆ ತೆರೆಯುವುದಿಲ್ಲ, ಗ್ರಾಫ್ ಮಾತ್ರ ನೋಡುತ್ತೇನೆ. ಮೇಲ್ಸೇತುವೆ ಬರುತ್ತದೆ. ಗೆರೆ ಏರಲು ಶುರುವಾಗುತ್ತದೆ. ಏಳು. ಎಂಟು. ಒಂಬತ್ತು. ಹತ್ತು.

ಸೊನ್ನೆ.

ಮತ್ತೆ ಒಂದು.